ಪಡಸಾಲೆ ದಾಟಿದ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿ ನನಗೆ ಮೊದಲು ಸರಿಯಾಗಿ ಕೇಳಿಸಲೇ ಇಲ್ಲ. ಅವತ್ತು ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಒಂದು ಹಳೆಯ ಮನೆ ಕೆಡವುತ್ತಿದ್ದರು. ಜೆಸಿಬಿಯ ಸದ್ದಿನಲ್ಲಿ ಫೋನಿನ ದನಿ ಮುಳುಗಿ ಹೋಗುತ್ತಿತ್ತು. ಫೋನನ್ನು ಕಿವಿಗೆ ಒತ್ತಿಕೊಂಡು ಹಿತ್ತಲಿಗೆ ಹೋದೆ. ಮಾತಾಡುತ್ತಿದ್ದವಳು ನಮ್ಮ ಸಾಲಿಯ ಹಳೆಯ ವಿದ್ಯಾರ್ಥಿನಿ.

"ಟೀಚರ, ಅಕ್ಕೋರು ಹೋದ್ರು ರೀ."

"ಎಲ್ಲಿಗಿ?" ಎಂದೆ.

"ಮಣ್ಣು ನಾಳೆ ಅದ ರೀ" ಎಂದಳು ಆಕೆ. ಆಗ ತಿಳಿಯಿತು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುವುದು ಹಳೆಯ ರೂಢಿ. ನಾನು ಆ ಹೈಸ್ಕೂಲಿಗೆ ಗಣಿತ ಕಲಿಸಲು ಬರುವ ಹೊತ್ತಿಗೆ ಉಳಿದವರೆಲ್ಲ ಟೀಚರ್, ಮೇಡಮ್ ಆಗಿಬಿಟ್ಟಿದ್ದರು. ಸಮಾಜ ವಿಜ್ಞಾನದ ಅವರೊಬ್ಬರು ಮಾತ್ರ ಅಕ್ಕೋರಾಗಿ ಉಳಿದಿದ್ದರು. ಹೆಡ್‌ಮಾಸ್ತರರೂ ಅಕ್ಕೋರ ಎಂದೇ ಕರೆಯುತ್ತಿದ್ದರು. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಾದದ್ದು ನನಗೆ ನೆನಪಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ಎತ್ತರದ ಹೆಂಗಸು. ಗಂಜಿ ಹಾಕಿದ ಹತ್ತಿ ಸೀರೆ, ಕೈಯಲ್ಲಿ ಗಂಡಸರು ಹಿಡಿಯುವಂಥ ಉದ್ದನೆಯ ಕೊಡೆ. ವಿಜಯಪುರದಲ್ಲಿ ಮಳೆಗೆ ಕೊಡೆ ಬಿಚ್ಚುವ ದಿನ ಕಡಿಮೆ. ಅವರ ಕೊಡೆ ಬಿಸಿಲಿಗಿತ್ತು, ಗೋಡೆಗಿತ್ತು. ದಾರಿಯಲ್ಲಿ ನಡೆಯುತ್ತಿದ್ದವರು ಯಾವುದೋ ಹಳೆಯ ಮನೆಯ ಮುಂದೆ ನಿಂತು ಕೊಡೆಯ ತುದಿಯಿಂದ ಗೋಡೆ ಕುಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಒಳಗಿನಿಂದ "ಯಾರದು?" ಎಂದು ಯಾರಾದರೂ ಬಂದರೆ "ನಾನವ್ವಾ, ಒಂದೀಟು ನೀರು ಕೊಡು" ಎನ್ನುವರು. ನೀರು ಕುಡಿಯುವಾಗ ತಲೆ ಮೇಲೆತ್ತಲೇಬೇಕಲ್ಲ, ಆ ನೆವದಲ್ಲಿ ತೊಲೆ, ಜಂತೆ, ಕಂಬದ ಕೆತ್ತನೆ ಎಲ್ಲ ನೋಡಿ ಮುಗಿಸುತ್ತಿದ್ದರು. ಪೇಟೆಯ ಹೆಂಗಸರಿಗೆ ಇದು ಗೊತ್ತಾಗಿ ಹೋಗಿತ್ತು. ಅಕ್ಕೋರಿಗೆ ನೀರಡಿಕೆಯಾದರೆ ಮಾಳಿಗೆ ನೋಡಲು ಬಂದಿದ್ದಾರೆ ಎಂದೇ ಅರ್ಥ.

ಮದುವೆ ಆಗಿರಲಿಲ್ಲ. ಯಾರಾದರೂ ಯಾಕೆಂದು ಕೇಳಿದರೆ, "ನೋಡಾಕ ಬಂದವರು ಚಾ ಕುಡದು ಹೊಂಟುಹೋದ್ರು. ನಾ ಚಾ ಮಾಡೂದ ಬಿಟ್ಟೆ" ಎಂದು ನಗುತ್ತಿದ್ದರು. ನಿಜವಾಗಿಯೂ ಅವರು ಮಾಡುವ ಚಹಾ ಬಾಯಿಗೆ ಇಡುವಂತಿರಲಿಲ್ಲ. ಆದರೆ ಅವರ ಡಬ್ಬಿಯ ರೊಟ್ಟಿ, ಶೇಂಗಾ ಹಿಂಡಿಗೆ ಸ್ಟಾಫ್ ರೂಮಿನಲ್ಲಿ ಕೈಗಳು ಮುಂದಾಗುತ್ತಿದ್ದವು.

ವರ್ಷಕ್ಕೊಮ್ಮೆ ಒಂಬತ್ತನೇ ಇಯತ್ತೆಯ ಹುಡುಗಿಯರನ್ನು ಪ್ರವಾಸಕ್ಕೆಂದು ಕರೆದುಕೊಂಡು ಹೋಗುವರು. ಹುಡುಗಿಯರು ಬಸ್ಸು ಬರುತ್ತದೆಂದು ಕಾಯುತ್ತಿದ್ದರೆ ಇವರು ನಡೆಸಿಕೊಂಡು ಪೇಟೆಯ ಓಣಿಗಳಿಗೆ ಹೊರಡುವರು. ತಲೆಬಾಗಿಲು ತೋರಿಸುವರು, ದೀಪದ ಮಾಡ ತೋರಿಸುವರು, ಬಿಸಿಲಲ್ಲಿ ಬಂದ ಹುಡುಗಿಯರ ಅಂಗೈಯನ್ನು ದಪ್ಪ ಗೋಡೆಯ ಒಳಮೈಗೆ ಹಚ್ಚಿಸಿ ತಂಪು ಮುಟ್ಟಿಸುವರು. ಒಮ್ಮೆ ಹೆಡ್‌ಮಾಸ್ತರರು, "ಅಕ್ಕೋರ, ಜಗತ್ತಿನ ಮಂದಿ ಗುಮ್ಮಟ ನೋಡಾಕ ಬರ್ತಾರ. ನೀವು ಹುಡುಗ್ಯಾರಿಗೆ ಮಣ್ಣಿನ ಗ್ವಾಡಿ ತೋರಸ್ತೀರಿ" ಎಂದರು.

"ಸುಲ್ತಾನರ ಕಟ್ಟಡ ಕಾಯಾಕ ಸರ್ಕಾರ ಅದ ಸರ್. ಬೇಲಿ ಹಾಕ್ಯಾರ, ಟಿಕೀಟ ಇಟ್ಟಾರ, ಕಾವಲಗಾರ ಅದಾನ. ಕಾಳು ಮಾರೂವರ ಮನಿ, ಬಳಿ ತೊಡಸೂವರ ಮನಿ ಕಾಯಾಕ ಯಾರದಾರ?" ಎಂದರು ಅಕ್ಕೋರು.

ಹಾಗೆಂದು ಹಳೆಯದನ್ನೆಲ್ಲ ಅಪ್ಪಿಕೊಳ್ಳುವ ಹುಚ್ಚು ಅವರಿಗಿರಲಿಲ್ಲ. "ಹಳೇದು ಅಂತ ಉಳಸಬ್ಯಾಡ್ರಿ, ಹಳೇ ಚಪ್ಪಲಿ ಯಾರರ ಉಳಸ್ತಾರೇನು? ಛಲೋ ಅದ ಅಂತ ಉಳಸ್ರಿ" ಎಂಬುದು ಅವರ ಮಾತು. ಮನೆ ಕೆಡವುತ್ತಾರೆಂದು ಗೊತ್ತಾದರೆ ಹೋಗಿ ಕೂತು ಮಾತಾಡುವರು. ಬೇಡಿಕೊಳ್ಳುವುದೂ ಇಲ್ಲ, ಜಗಳವೂ ಇಲ್ಲ. ಕೆಲವರು ಕೇಳುತ್ತಿದ್ದರು, ಹೆಚ್ಚಿನವರು ನಗುತ್ತಿದ್ದರು. ಒಬ್ಬ ಮನೆಯ ಯಜಮಾನ ನನ್ನೆದುರಿಗೇ ಅವರನ್ನು ಮಾತಿನಲ್ಲಿ ಹಿಡಿದುಬಿಟ್ಟ.

"ನೀವು ಸ್ಲ್ಯಾಬಿನ ಮನ್ಯಾಗ ಫ್ಯಾನ ಹಚ್ಚಕೊಂಡು ಮಕ್ಕೋತೀರಿ. ನಮಗ ಮಾತ್ರ ಮಣ್ಣಿನ ಮನಿ ಚಂದ ಅಂತ ಹೇಳಾಕ ಬರ್ತೀರಿ."

"ಖರೆ ಅದರಿ. ಈ ಪೇಟ್ಯಾಗ ಹಳೇ ಮನಿ ಬಾಡಿಗಿಗಿ ಭಾಳ ಕೇಳಿದೆ. ನನಗ ಯಾರೂ ಕೊಡಲಿಲ್ಲ" ಎಂದರು ಅಕ್ಕೋರು.

ಆ ಮನುಷ್ಯ ಬಾಗಿಲ ಕಡೆ ನೋಡತೊಡಗಿದ.

ಅವರದು ಬಬಲೇಶ್ವರದ ದಲಿತ ಕೇರಿಯ ಬೌದ್ಧರ ಮನೆ. ಅವರ ಅಜ್ಜಿ ಇಂಥ ಮನೆಗಳ ಕಟ್ಟೆಯ ಕೆಳಗೇ ನಿಂತು ಸೆರಗಿನಲ್ಲಿ ಜೋಳ ಹಾಕಿಸಿಕೊಂಡು ಹೋಗುತ್ತಿದ್ದಳಂತೆ. ಇದನ್ನು ಅವರೇ ಒಮ್ಮೆ ಊಟದ ಹೊತ್ತಿನಲ್ಲಿ, ಬೇರೆ ಏನೋ ಮಾತಿನ ನಡುವೆ ಹೇಳಿದ್ದರು. ನನಗೆ ತಡೆಯಲಾಗಲಿಲ್ಲ.

"ಹಂಗಿದ್ರ ನೀವ್ಯಾಕ್ರಿ ಈ ಮನಿ ಉಳಸಾಕ ಬಡದಾಡ್ತೀರಿ? ಬಿದ್ರ ಬೀಳಲಿ ಅಂತ ನಾನಾದ್ರ ಅಂತಿದ್ದೆ."

ಅವರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, ನುಂಗಿ, ಆಮೇಲೆ ಹೇಳಿದರು. "ಒಳಗ ಬಿಡಲಿಲ್ಲ ಖರೆ. ಆದರ ಗ್ವಾಡಿ ಕಟ್ಟಿದ್ದು ಯಾರಂತ ತಿಳದಿ? ನಮ್ಮ ಮುತ್ತ್ಯಾ ಬಬಲೇಶ್ವರದಿಂದ ನಡಕೋತ ಬಂದು ಈ ಪೇಟ್ಯಾಗ ಮಣ್ಣು ತುಳದಾನ. ಗ್ವಾಡಿ ಏಳೂತನಕ ಒಳಗ ಹೊರಗ ಎಲ್ಲಾ ಅಡ್ಡ್ಯಾಡ್ಯಾನ. ಎದ್ದಮ್ಯಾಲ ಹೊರಗಾದ."

"ಯಾವ ಮನಿರಿ ಅದು?"

"ಅದ ಗೊತ್ತಿಲ್ಲಲ್ಲ ತಂಗಿ. ಗೊತ್ತಿದ್ರ ಒಂದ ಮನಿ ನೋಡ್ತಿದ್ದೆ. ಗೊತ್ತಿಲ್ಲ, ಅದಕ್ಕ ಎಲ್ಲಾ ಮನಿ ನೋಡ್ತೀನಿ."

ನಾನು ಹೊನವಾಡದಿಂದ ಮದುವೆಯಾಗಿ ಈ ಪೇಟೆಗೆ ಬಂದವಳು. ನಮ್ಮ ಮನೆಯ ಎದುರಿಗೇ ಒಬ್ಬ ಕಾಳಿನ ವ್ಯಾಪಾರಿಯ ದೊಡ್ಡ ಮನೆ. ಎಲ್ಲರೂ ಅವರನ್ನು ಸಾವಕಾರ್ರು ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡಿದ್ದಳು. ಮಗ, ಸೊಸೆ ಸುವರ್ಣಾ, ಮೂರು ಜನರ ಸಂಸಾರ. ಮುಂದೆ ಎತ್ತರದ ಕಟ್ಟೆ, ಅಗಲವಾದ ಪಡಸಾಲೆ, ತಬ್ಬಿದರೆ ಕೈ ಕೂಡದಂಥ ಸಾಗವಾನಿ ಕಂಬಗಳು. ಸಾವಕಾರ್ರು ಅದನ್ನು ಕೆಡವಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಾಂಪ್ಲೆಕ್ಸ್ ಕಟ್ಟುವವರಿದ್ದರು. ಅಕ್ಕೋರಿಗೆ ಸುದ್ದಿ ಹೇಳಿದವಳು ನಾನೇ.

ಅವರು ಬಂದರು, ನೀರು ಕೇಳಿದರು, ಕಂಬ ನೋಡಿದರು. ಮುಂದಿನ ಶನಿವಾರ ಹುಡುಗಿಯರನ್ನು ಕರೆತಂದು ಕಂಬಗಳ ಚಿತ್ರ ಬರೆಸಿದರು. ಊರ ಪತ್ರಿಕೆಯೊಂದರಲ್ಲಿ ಅದು ಸುದ್ದಿಯಾಯಿತು. ಕಂಬಕ್ಕೆ ಕೈಯಿಟ್ಟು ರುಮಾಲು ಸುತ್ತಿಕೊಂಡು ನಿಂತ ಸಾವಕಾರರ ಫೋಟೋ ಬಂತು. ಅವರು ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. "ಈ ವರ್ಷ ಬ್ಯಾಡ ತಗೋ, ಮುಂದ ನೋಡೂಣು" ಎಂದು ಮಗನಿಗೆ ಹೇಳಿದರು. ಅಕ್ಕೋರಿಗೆ ಆದ ಸಂತೋಷ ಹೇಳತೀರದು. ಸ್ಟಾಫ್ ರೂಮಿಗೆ ಪೇಢೆ ತಂದು ಹಂಚಿದರು.

ಹಸ್ತಾ ಮಳೆ ಹಿಡಿದಾಗ ಆ ಮನೆಯ ಹಿಂದಿನ ಗೋಡೆ ಬಿತ್ತು.

ಬೆಳಿಗ್ಗೆ ಸಾಲಿಗೆ ಹೊರಡುವ ಹೊತ್ತು. ಧಡ್ ಎಂಬ ಸದ್ದು ಕೇಳಿ ಓಡಿದೆವು. ಸುವರ್ಣಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನೆನೆದ ಮಣ್ಣಿನ ಗೋಡೆ ಆಕೆಯ ಕಾಲ ಮೇಲೆ ಕುಳಿತಿತ್ತು. ಓಣಿಯ ಗಂಡಸರು ಕೈಯಿಂದಲೇ ಮಣ್ಣು ಸರಿಸಿ ಎತ್ತಿದರು. ಆಕೆ ಅಳುತ್ತಿರಲಿಲ್ಲ. "ಗ್ಯಾಸ ಬಂದ ಮಾಡ್ರಿ, ಗ್ಯಾಸ ಬಂದ ಮಾಡ್ರಿ" ಎನ್ನುತ್ತಿದ್ದಳು. ದವಾಖಾನೆಯಲ್ಲಿ ತೊಡೆಯೆಲುಬಿಗೆ ರಾಡು ಹಾಕಿದರು. ಜೀವಕ್ಕೆ ತೊಂದರೆಯಿಲ್ಲ, ಆದರೆ ಕಾಲು ಮೊದಲಿನಂತಾಗುವುದಿಲ್ಲ ಎಂದರು ಡಾಕ್ಟರರು.

ಮಧ್ಯಾಹ್ನ ಅಕ್ಕೋರು ದವಾಖಾನೆಗೆ ಬಂದರು. ಸಾವಕಾರ್ರು ಬಾಗಿಲಲ್ಲೇ ಎದ್ದು ನಿಂತರು.

"ಬಂದ್ರೇನು ಅಕ್ಕೋರ? ಚಿಂತಿ ಮಾಡಬ್ಯಾಡ್ರಿ. ನಿಮ್ಮ ಕಂಬಕ್ಕ ಏನೂ ಆಗಿಲ್ಲ. ನನ್ನ ಸೊಸಿ ಕಾಲ ಹೋತು, ಅಷ್ಟ."

ಸುತ್ತ ಇದ್ದವರೆಲ್ಲ ನೋಡತೊಡಗಿದರು. ಅಕ್ಕೋರು ಒಳಗೆ ಹೋಗಿ ಸುವರ್ಣಾಳ ಮಂಚದ ಬದಿ ಸ್ವಲ್ಪ ಹೊತ್ತು ನಿಂತರು. ಔಷಧದ ಮಂಪರಿನಲ್ಲಿ ಆಕೆ ಕಣ್ಣು ತೆರೆಯಲಿಲ್ಲ. ಹೊರಗೆ ಬಂದು ನನ್ನ ಮೊಣಕೈ ಹಿಡಿದರು.

"ತಂಗಿ, ಆ ಮನಿ ತೋರಸು ನಡಿ."

"ನೀವು ನೋಡೀರಲ್ರಿ ಅಕ್ಕೋರ."

"ನೋಡಿಲ್ಲ. ಪಡಸಾಲಿ ನೋಡೇನಿ."

ಅದು ನಿಜ. ಆ ಮನೆಗೆ ಅವರು ಎಷ್ಟೋ ಸಲ ಬಂದಿದ್ದರು, ಆದರೆ ಪಡಸಾಲೆ ದಾಟಿರಲಿಲ್ಲ. ದಾಟಬೇಡಿರೆಂದು ಯಾರೂ ಹೇಳಿರಲಿಲ್ಲ, ಬರ್ರಿ ಎಂದೂ ಅಂದಿರಲಿಲ್ಲ. ಮನೆಯವರಿಗೆಲ್ಲ ಸ್ಟೀಲಿನ ಲೋಟ, ಅವರಿಗೆ ನೀರು ಬರುತ್ತಿದ್ದದ್ದು ಬಳಸಿ ಬಿಸಾಡುವ ಪ್ಲಾಸ್ಟಿಕ್ ಗ್ಲಾಸಿನಲ್ಲಿ. ಅದನ್ನು ನಾನು ನೋಡಿದ್ದೆ, ನಾನು ನೋಡಿದ್ದನ್ನು ಅವರೂ ನೋಡಿದ್ದರು. ಒಮ್ಮೆ ಓಣಿಯ ತಿರುವಿನಲ್ಲಿ ತಾವಾಗಿಯೇ, "ಗ್ಲಾಸ ನೋಡಕೋತ ಕುಂತ್ರ ಕಂಬ ಕಾಣೂದಿಲ್ಲ ತಂಗಿ" ಎಂದಿದ್ದರು.

ಬಟ್ಟೆಬರೆ ಒಯ್ಯಲು ಮನೆಗೆ ಬಂದಿದ್ದ ಸಾವಕಾರರ ಮಗ ಬಾಗಿಲು ತೆರೆದ. ಅಕ್ಕೋರು ಪಡಸಾಲೆಯ ಆಚೆಯ ಬಾಗಿಲಿನವರೆಗೆ ಬಂದು ಒಂದು ಕ್ಷಣ ನಿಂತರು. ಆಮೇಲೆ ಒಳಗೆ ನಡೆದರು. ಒಂದು ನಡುಮನೆ, ಅದರ ಹಿಂದೆ ಅಡುಗೆಮನೆ. ಪಡಸಾಲೆಯಲ್ಲಿ ಎರಡಾಳೆತ್ತರ ಇದ್ದ ಮಾಳಿಗೆ ಇಲ್ಲಿಗೆ ಬರುವಾಗ ತಲೆಗೆ ತಾಕುವಂತಿತ್ತು. ಕಿಟಕಿ ಇಲ್ಲ. ಜಂತೆಗಳು ಹೊಗೆಯಿಂದ ಕಪ್ಪಾಗಿ ಹೊಳೆಯುತ್ತಿದ್ದವು. ಗ್ಯಾಸಿನ ಒಲೆ ನೆಲದ ಮೇಲಿತ್ತು. ಸತ್ತ ಅತ್ತೆಯ ಕಾಲದಿಂದ ಕುಳಿತೇ ಅಡುಗೆ ಮಾಡುವ ಪದ್ಧತಿ. ಸಂಡಾಸು ಹಿತ್ತಲಿನ ಆ ತುದಿಗೆ, ಮಳೆಯಲ್ಲಿ ನೆನೆದುಕೊಂಡೇ ಹೋಗಬೇಕು. ಬಿದ್ದ ಗೋಡೆಯ ಪಕ್ಕ ಒಂದು ಮರದ ತುಂಡು ಅಡ್ಡ ಬಿದ್ದಿತ್ತು.

"ಇದೇನು?" ಎಂದರು ಅಕ್ಕೋರು.

"ಆಸರಕ್ಕ ಕೊಟ್ಟಿದ್ವಿ ರೀ. ಗ್ವಾಡಿ ಬಾಗಿತ್ತು" ಎಂದ ಮಗ.

"ಯಾವಾಗಿಂದ?"

"ಹ್ವಾದ ಮಳಿಗಾಲದಿಂದ. ಸುವರ್ಣಾ ಹೇಳಕೋತನ ಇದ್ಲು ರೀ. ಅಪ್ಪ ನೋಡೂಣು ಅಂದ."

ಅಕ್ಕೋರು ಆ ಕೆಸರಿನಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತರು. "ಯಾರೂ ನನಗ ತೋರಸಲಿಲ್ಲ" ಎಂದರು. ಕೂಡಲೇ, "ನಾನೂ ಕೇಳಲಿಲ್ಲ" ಎಂದರು. ಮಗ ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗದೆ ಹೇಳಿದರು: "ಗ್ಲಾಸ ನೋಡಬಾರದಂತ ಕಂಬ ನೋಡಿದೆ. ಕಂಬ ನೋಡಕೋತ ಹೋಗಿ ಗ್ವಾಡಿ ನೋಡೂದ ಬಿಟ್ಟೆ."

ಸುವರ್ಣಾಳನ್ನು ದವಾಖಾನೆಯಿಂದ ಬಿಡುವ ದಿನ ತೊಂದರೆ ಶುರುವಾಯಿತು. ಕೆಳಗೆ ಕೂರುವಂತಿಲ್ಲ, ಮೆಟ್ಟಿಲು ಹತ್ತುವಂತಿಲ್ಲ. ಮನೆಯ ಹಿಂಭಾಗ ತಾಡಪಾಲಿನ ಹೊದಿಕೆಯಲ್ಲಿತ್ತು. ಸಾವಕಾರ್ರು ಹುಡುಕಿದ ಬಾಡಿಗೆ ಮನೆಗಳೆಲ್ಲ ಮೇಲಿನ ಮಜಲಿನವು. ಅಕ್ಕೋರ ಬಾಡಿಗೆ ಮನೆ ನೆಲಮಟ್ಟದ್ದು. ತಮ್ಮ ಮೊಣಕಾಲು ನೋವಿಗೆಂದು ಕುರ್ಚಿಯಂಥ ಕಮೋಡನ್ನೂ ಕೂಡಿಸಿಕೊಂಡಿದ್ದರು. ಅವರು ದವಾಖಾನೆಗೆ ಬಂದು, "ನಮ್ಮ ಮನಿಗಿ ಬರ್ರಿ. ಒಂದ ಖೋಲಿ ಖಾಲಿ ಅದ" ಎಂದರು.

ಸಾವಕಾರ್ರು ಮುಖ ಗಂಟು ಹಾಕಿದರು. "ಹಂಗ ಹೆಂಗ ಆಗ್ತದರಿ? ಮಂದಿ ಏನ ಅಂದಾರು?"

ಮಂಚದ ಮೇಲಿನಿಂದ ಸುವರ್ಣಾ ಮಾತಾಡಿದಳು. ಮಾವನೆದುರಿಗೆ ಆಕೆ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಮಂದಿ ಬಂದು ನನ್ನ ಎತ್ತಿ ಕುಂದರಸ್ತಾರೇನ್ರಿ ಮಾವಾರ? ನಾ ಅಕ್ಕೋರ ಮನಿಗಿ ಹೋಗ್ತೀನಿ."

ಹೋದಳು, ಗಂಡನೂ ಹೋದ. ಮೊದಲು ಊಟ ಹೋಟೆಲಿನಿಂದ ಬರುತ್ತಿತ್ತು. ಒಂದು ದಿನ ಅಕ್ಕೋರು ಪುಂಡಿಪಲ್ಯ ಮಾಡಿದ್ದರು. ಸುವರ್ಣಾ ಕೂತಲ್ಲಿಂದಲೇ, "ಅಕ್ಕೋರ, ಆ ಒಗ್ಗರಣಿ ವಾಸನಿ ಮುಂದ ಈ ಹೋಟೆಲ್ ಅನ್ನ ಹೆಂಗ ತಿನ್ನಲಿ? ನನಗೂ ಒಂದ ರೊಟ್ಟಿ ಕೊಡ್ರಿ" ಎಂದಳಂತೆ. ಅಲ್ಲಿಗೆ ಹೋಟೆಲಿನ ಊಟ ನಿಂತಿತು. ಗಂಡ ಕೆಲವು ದಿನ ಹೊರಗೆ ಉಂಡ, ಆಮೇಲೆ ಅವನೂ ತಟ್ಟೆ ಹಿಡಿದು ಕುಳಿತ.

ಸಂಜೆ ಸಾಲಿ ಬಿಟ್ಟ ಮೇಲೆ ನಾನೂ ಹೋಗುತ್ತಿದ್ದೆ. ಒಂದು ಸಂಜೆ ಅಕ್ಕೋರು ಕೇಳಿದರು: "ಸುವರ್ಣಾ, ನಿನಗ ಎಂಥಾ ಮನಿ ಬೇಕ ಯವ್ವಾ?"

ಸುವರ್ಣಾ ನಕ್ಕಳು. "ನನ್ನ ಯಾರ ಕೇಳ್ತಾರ ಬಿಡ್ರಿ."

"ನಾ ಕೇಳಾಕತ್ತೇನಲ್ಲ."

ಆಕೆ ಬೆರಳು ಮಡಚಿ ಎಣಿಸತೊಡಗಿದಳು. "ನಿಂತ ಅಡಗಿ ಮಾಡೂವಂಥಾ ಕಟ್ಟಿ ಬೇಕು. ಮುಖಕ್ಕ ಗಾಳಿ ಬಡಿಯೂವಂಥಾ ಕಿಟಕಿ ಬೇಕು. ಸಂಡಾಸ ಒಳಗ ಬೇಕು, ಕುರ್ಚಿದು. ಇಷ್ಟ ಮಾಡಿಕೊಟ್ರ ನಿಮ್ಮ ಪಡಸಾಲಿ, ಕಂಬ ಇರಲಿ. ಬ್ಯಾಸಗ್ಯಾಗ ಅಲ್ಲಿ ಮಕ್ಕೊಂಡ್ರ ಎಂಥಾ ತಂಪ ಗೊತ್ತದೇನ್ರಿ? ಆದರ ಅಲ್ಲಿ ಗಂಡಸೂರ ಮಕ್ಕೋತಾರ."

ಅಕ್ಕೋರು ಎದ್ದು ಚೀಲದಿಂದ ಸೀಮೆಸುಣ್ಣ ತೆಗೆದರು. ತಮ್ಮ ನಡುಮನೆಯ ಕುರ್ಚಿ ಟೇಬಲ್ಲು ಸರಿಸಿ ನೆಲದ ಮೇಲೆ ಗೆರೆ ಎಳೆಯತೊಡಗಿದರು. "ಕಟ್ಟಿ ಎಲ್ಲಿ ಬೇಕು?" ಸುವರ್ಣಾ ವಾಕರ್ ಹಿಡಿದು ನಿಂತು ತೋರಿಸಿದಳು. "ಕಿಟಕಿ?" "ಇಲ್ಲಿ. ಇನ್ನಾ ದೊಡ್ಡದು. ಇನ್ನಾ." ಮೊಣಕಾಲು ನೋವಿನ ಹೆಂಗಸು ನೆಲದ ಮೇಲೆ ಸರಿಯುತ್ತ ಗೆರೆ ಅಳಿಸಿ ಮತ್ತೆ ಎಳೆದರು. ಅಡುಗೆಮನೆ ಬೆಳೆಯುತ್ತ ಬೆಳೆಯುತ್ತ ಅರ್ಧ ಕೋಣೆ ನುಂಗಿತು. ಸುವರ್ಣಾ ಆ ಗೆರೆಗಳೊಳಗೆ ವಾಕರ್ ಇಟ್ಟುಕೊಂಡು ಕಟ್ಟೆಯಿಂದ ಸಿಂಕಿಗೆ, ಸಿಂಕಿನಿಂದ ಬಾಗಿಲಿಗೆ ತಿರುಗಾಡಿ ನೋಡಿದಳು. ದವಾಖಾನೆಯವರು ಎಷ್ಟು ಹೇಳಿದರೂ ನಡೆಯದಿದ್ದವಳು ಅವತ್ತು ಸುಸ್ತಾಗುವವರೆಗೆ ನಡೆದಳು.

ಸಾವಕಾರ್ರು ದಿನಾ ಸೊಸೆಯನ್ನು ನೋಡಲು ಬರುತ್ತಿದ್ದರು. ಆದರೆ ಒಳಗೆ ಬರುತ್ತಿರಲಿಲ್ಲ. ಗೇಟಿನ ಬಳಿ ನಿಂತು, "ಹೆಂಗದಿ ಯವ್ವಾ?" ಎಂದು ಕೂಗುವರು. ಅಕ್ಕೋರು ಒಂದು ಕುರ್ಚಿ ತಂದು ಗಿಡದ ನೆರಳಿಗೆ ಹಾಕುವರು. ಒಳಗೆ ಬರ್ರಿ ಎಂದು ಒತ್ತಾಯಿಸಲಿಲ್ಲ, ಬರಲಿಲ್ಲವೆಂದು ಮುಖ ಸಣ್ಣದು ಮಾಡಲಿಲ್ಲ. ಕಿಟಕಿಯ ಆ ಕಡೆ ಸೊಸೆ, ಈ ಕಡೆ ಮಾವ. ಹೀಗೆ ನಡೆಯುತ್ತಿತ್ತು. ಅವರಿಗೆ ಸಕ್ಕರೆ ಬೇನೆ ಇತ್ತು. ಒಂದು ದಿನ ಮಾತಾಡುತ್ತ ಕೂತವರು ಚಡಪಡಿಸತೊಡಗಿದರು. ಹೊಸ ಬಡಾವಣೆ, ಸುತ್ತ ಬಯಲಿಲ್ಲ, ಮರೆಯಾಗುವ ಜಾಗವೂ ಇಲ್ಲ. ಕೊನೆಗೆ ಎದ್ದು, ಯಾರ ಮುಖವನ್ನೂ ನೋಡದೆ, "ಅಕ್ಕೋರ, ಬಾತರೂಮ ಎಲ್ಲಿ ಅದರಿ?" ಎಂದರು.

ಹೊರಬರುವಾಗ ನಡುಮನೆಯ ಗೆರೆಗಳ ನಡುವೆ ನಿಂತುಬಿಟ್ಟರು. "ಏನಿದು?"

"ಮಾವಾರ, ಅತ್ತ ಸರೀರಿ. ನೀವು ನಿಂತಿದ್ದು ನನ್ನ ಒಲಿ ಕಟ್ಟಿ" ಎಂದಳು ಸುವರ್ಣಾ.

ಅಕ್ಕೋರು ಕುರ್ಚಿ ಕೊಟ್ಟರು. ಸಾವಕಾರ್ರು ಕುಳಿತು ಎಲ್ಲ ಕೇಳಿದರು. ಆಮೇಲೆ ತಲೆಯಾಡಿಸಿದರು. "ಅರ್ಧಾ ಕೆಡವಿ ಅರ್ಧಾ ಇಟ್ಟಕೊಂಡು ಏನ ಮಾಡೂದು? ಪೂರಾ ಕೆಡವಿ ಕಾಂಪ್ಲೆಕ್ಸ ಕಟ್ಟೂದ. ಮ್ಯಾಲ ಮನ್ಯಾಗ ಇಂಥಾ ಅಡಗಿಮನಿ ಎರಡ ಆಗ್ತಾವು."

"ಮ್ಯಾಲ ಮನಿ ಕಟ್ಟಿದ್ರ ಈ ಕಾಲ ತಗೊಂಡ ನಾ ಹೆಂಗ ಹತ್ತಲಿ? ನನಗ ನೆಲಕ್ಕ ಮನಿ ಬೇಕು. ಈಗ ಇರೂ ಮನಿ ನೆಲಕ್ಕ ಅದ."

ನಾನು ಅಕ್ಕೋರ ಮುಖ ನೋಡಿದೆ. ಈಗ ಅವರು ಕಂಬದ ಪರ ಒಂದು ಮಾತಾಡುತ್ತಾರೆ ಎಂದುಕೊಂಡಿದ್ದೆ. ಆಡಲಿಲ್ಲ. "ಹಿಂದಿಂದು ಪೂರಾ ಕೆಡವಬೇಕ್ರಿ ಸಾವಕಾರ್ರ. ಅದು ಇರೂದು ಬ್ಯಾಡ" ಎಂದಷ್ಟೇ ಹೇಳಿದರು. ಸಾವಕಾರ್ರು ಅವರನ್ನೇ ನೋಡಿದರು. ಕೆಡವ್ರಿ ಎನ್ನುವ ಮಾತು ಅಕ್ಕೋರ ಬಾಯಿಂದ ಬಂದದ್ದು ಸಾವಕಾರರಿಗೆ ಬಹುಶಃ ಯಾವ ವಾದಕ್ಕಿಂತ ಹೆಚ್ಚು ತಾಕಿತು. ಅವತ್ತು ಒಪ್ಪಲಿಲ್ಲ. ಮರುವಾರ ತಿಕೋಟಾದಿಂದ ಒಬ್ಬ ಗೌಂಡಿ ಮೇಸ್ತ್ರಿಯನ್ನು ಕರೆಸಿ ಪಡಸಾಲೆಯ ಮಾಳಿಗೆ ತೋರಿಸಿದ್ದಾರೆಂದು ಓಣಿಯಲ್ಲಿ ಸುದ್ದಿಯಾಯಿತು.

ಹಿಂಭಾಗ ಕೆಡವುವ ದಿನ ಅಕ್ಕೋರು ಸಾಲಿಗೆ ರಜೆ ಹಾಕಿ ಬಂದರು. ನಡುಮನೆ, ಅಡುಗೆಮನೆ ಎರಡೂ ನೆಲಕ್ಕಾಗುವವರೆಗೆ ಬಿಸಿಲಲ್ಲಿ ಕೊಡೆ ಹಿಡಿದು ನಿಂತಿದ್ದರು. ಧೂಳೆದ್ದು ಸೀರೆಯೆಲ್ಲ ಕೆಂಪಾಯಿತು. ನಾನು ಒಳಗೆ ಬಂದು ಕೂರಿರೆಂದರೂ ಬರಲಿಲ್ಲ. "ಉಳಸಾಕ ಬಂದಾಗ ನಿಂತಿದ್ನಲ್ಲ, ಕೆಡವಾಗೂ ನಿಂದರಬೇಕು" ಎಂದರು.

ಹೊಸ ಹಿಂಭಾಗ ಎದ್ದಿತು. ಪಡಸಾಲೆಯ ಮಾಳಿಗೆಯ ಮೇಲಿನ ಹಳೆಯ ಮಣ್ಣು ತೆಗೆದು, ಗೆದ್ದಲು ತಿಂದ ಜಂತೆ ಬದಲಿಸಿ, ಹೊಸ ಮಣ್ಣು ಹಾಕಿದರು. ವಾಸ್ತುಶಾಂತಿಯ ದಿನ ಸುವರ್ಣಾ ಕೋಲೂರಿಕೊಂಡು ಹಾಲುಕ್ಕಿಸಿದಳು. ಅವತ್ತು ಅಕ್ಕೋರಿಗೆ ಜ್ವರ, ಬರಲಿಲ್ಲ. ಸುವರ್ಣಾ ಬೇಸರ ಮಾಡಿಕೊಂಡಳು. ನನಗೆ ಮಾತ್ರ, ಅವರು ಬೇಕೆಂದೇ ಬರಲಿಲ್ಲವೇನೋ ಅನ್ನಿಸಿತ್ತು. ಕೇಳಿದಾಗ, "ಜ್ವರ ಖರೆ ಇತ್ತಬೇ. ಎಲ್ಲಾದಕ್ಕೂ ಅರ್ಥ ಹುಡಕಬ್ಯಾಡ" ಎಂದು ಬೈದರು.

ಆಮೇಲೆ ಅವರ ಕೆಲಸದ ರೀತಿ ಬದಲಾಯಿತು. ಯಾವ ಮನೆಗೆ ಹೋದರೂ ಗಂಡಸರೊಡನೆ ಮಾತು ಮುಗಿಸುವ ಮೊದಲು, "ಅಡಗಿಮನಿ ನೋಡಬೇಕಾಗಿತ್ತಲ್ಲರಿ" ಎನ್ನುವರು. ಕೆಲವರು ಒಳಗೆ ಕರೆಯುತ್ತಿದ್ದರು. ಕೆಲವರು, "ಅಲ್ಲೇನದರಿ ನೋಡಾಕ" ಎಂದು ನಗುತ್ತ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಅಡ್ಡ ನಿಂತವರ ಮನೆಯ ಬಗ್ಗೆ ಅವರು ಮತ್ತೆ ಮಾತಾಡುತ್ತಿರಲಿಲ್ಲ. "ಒಳಗ ಕಾಣದ ಮನಿ ಉಳಸ್ರಿ ಅಂತ ನಾ ಹೆಂಗ ಹೇಳಲಿ?" ಎನ್ನುವರು. ಹೀಗಾಗಿ ಅವರು ಉಳಿಸಿದ್ದಕ್ಕಿಂತ ಬಿಟ್ಟುಕೊಟ್ಟ ಮನೆಗಳೇ ಹೆಚ್ಚು. ಪೇಟೆಯಲ್ಲಿ ಈಗ ನೋಡಿದರೆ ಕಾಂಕ್ರೀಟಿನ ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಹಳೆಯ ಮುಖ ಉಳಿದಿದೆ. ಇದನ್ನು ಗೆಲುವು ಎಂದು ಅವರೂ ಹೇಳುತ್ತಿರಲಿಲ್ಲ, ನಾನೂ ಹೇಳುವುದಿಲ್ಲ.

ನಿವೃತ್ತಿಯಾದ ಮೇಲೆ ಬಬಲೇಶ್ವರಕ್ಕೆ ಹೋಗಿ, ತಮ್ಮನ ಮನೆಯ ಪಕ್ಕದ ಜಾಗದಲ್ಲಿ ಸಣ್ಣದೊಂದು ಮನೆ ಕಟ್ಟಿಸಿಕೊಂಡರು. ನಾನು ನೋಡಲು ಹೋದಾಗ ಬಾಗಿಲಲ್ಲೇ ನಿಂತುಬಿಟ್ಟೆ. ಇಟ್ಟಿಗೆ, ಸಿಮೆಂಟು, ಮೇಲೆ ಸ್ಲ್ಯಾಬು.

"ಏನ್ರಿ ಅಕ್ಕೋರ, ನೀವ?"

"ಮಣ್ಣಿನ ಗ್ವಾಡಿ ಕಟ್ಟೂವರು ಸಿಗಲಿಲ್ಲ ತಂಗಿ" ಎಂದರು, ಕುರ್ಚಿ ತೋರಿಸುತ್ತ. "ಮುತ್ತ್ಯಾಗ ಬರ್ತಿತ್ತು. ನಮ್ಮಪ್ಪ ಕಲೀಲಿಲ್ಲ. ಮಣ್ಣಿನ ಕೆಲಸಕ್ಕ ಬಾ ಅಂದ್ರ ಒಲ್ಲೆ ಅಂದ. ನನ್ನ ಕೈ ಹಿಡಕೊಂಡು ಸಾಲಿಗಿ ಹಾಕಿ ಬಂದ. ಆ ವಿದ್ಯಾ ಅಲ್ಲಿಗಿ ಹೋತು." ಸ್ವಲ್ಪ ತಡೆದು, "ಹೋಗಲಿ ಬಿಡು. ನನಗ ಅದರ ಬಗ್ಗೆ ಏನೂ ಕೆಟ್ಟ ಅನಸೂದಿಲ್ಲ" ಎಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ನಿಜವಾಗಿಯೂ ಯಾವ ದುಃಖವೂ ಇರಲಿಲ್ಲ. ನಾನು ಮಾತ್ರ ಬಸ್ಸಿನಲ್ಲಿ ವಾಪಸ್ ಬರುವ ದಾರಿಯುದ್ದ ಅದನ್ನೇ ಯೋಚಿಸುತ್ತ ಬಂದೆ. ಅದು ನಮ್ಮ ಕೊನೆಯ ಭೇಟಿ ಎಂದು ಗೊತ್ತಿರಲಿಲ್ಲ. ಹೃದಯದ ತೊಂದರೆ ಇದ್ದದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಮಣ್ಣಿಗೆ ಹೋದಾಗ ಸಾವಕಾರರೂ ನಮ್ಮ ಜೊತೆ ಬಂದರು. ಈಗ ಬಹಳ ವಯಸ್ಸಾಗಿದೆ, ಮಗನ ಹೆಗಲು ಹಿಡಿದೇ ನಡೆಯುತ್ತಾರೆ. ಬುದ್ಧವಂದನೆ ಮುಗಿಯುವವರೆಗೆ ಉಳಿದವರಂತೆ ಕೈ ಮುಗಿದುಕೊಂಡು ನಿಂತಿದ್ದರು. ಶಬ್ದಗಳು ಅವರಿಗೆ ಬರುತ್ತಿರಲಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು. ಸುವರ್ಣಾ ಅಳಲಿಲ್ಲ. ಹೆಂಗಸರ ಗುಂಪಿನಲ್ಲಿ ಕೋಲು ಹಿಡಿದು ನಿಂತು ಬಂದವರಿಗೆಲ್ಲ ನೀರು ಮುಟ್ಟಿದೆಯೋ ಇಲ್ಲವೋ ಎಂದು ನೋಡುತ್ತಿದ್ದಳು.

ಹೋದ ವಾರ ನಮ್ಮ ಹಿಂದಿನ ಓಣಿಯಲ್ಲಿ ಇನ್ನೊಂದು ಮನೆಯ ಮಾತು ಎದ್ದಿತು. ಅಣ್ಣ ತಮ್ಮಂದಿರಲ್ಲಿ ಒಬ್ಬ ಕೆಡವೋಣ ಎನ್ನುತ್ತಾನೆ, ಒಬ್ಬ ಬೇಡ ಎನ್ನುತ್ತಾನೆ. ಆ ಮನೆಯ ಹೆಂಗಸರು ಸುವರ್ಣಾಳನ್ನು ಕರೆದಿದ್ದರು. ಜೊತೆಗೆ ಬಾ ಎಂದಳೆಂದು ನಾನೂ ಹೋದೆ. ಪಡಸಾಲೆಯಲ್ಲಿ ಗಂಡಸರು ಕೂತಿದ್ದರು. ಸುವರ್ಣಾ ಅವರಿಗೆ ನಮಸ್ಕಾರ ಹೇಳಿ, ನಿಲ್ಲದೆ, ಕೋಲು ಟಕಟಕ ಎನ್ನಿಸುತ್ತ ಒಳಗಿನ ಬಾಗಿಲಿಗೆ ನಡೆದಳು. ದೊಡ್ಡವನು ಎದ್ದು ತಡೆದ.

"ತಡೀರಿ ಬಾಯಾರ. ನೀವು ಯಾರ ಕಡೆಯವರು ಅಂತ ಮೊದಲ ಹೇಳ್ರಿ. ಉಳಸೂವರ ಕಡೆನೋ, ಕೆಡವೂವರ ಕಡೆನೋ?"

"ಅದು ಇಲ್ಲಿ ನಿಂತ ಹೆಂಗ ಗೊತ್ತಾಗ್ತದರಿ?" ಎಂದಳು ಸುವರ್ಣಾ. "ಒಳಗ ನೋಡಿ ಬಂದು ಹೇಳ್ತೀನಿ."

ಅವನು ಸರಿದು ದಾರಿ ಬಿಟ್ಟ.